ಕಲ್ಪನೆಯ ಲೋಕಕ್ಕೂ ಅಧಿಕ ಮಾಸ ಬೇಕು

ಕಲ್ಪನೆಯ ಲೋಕ ಕಟ್ಟುವವರು ಬೆಟ್ಟ, ನದಿ, ರಾಜವಂಶ ಎಲ್ಲಕ್ಕೂ ತಲೆ ಕೆಡಿಸಿಕೊಳ್ಳುತ್ತಾರೆ. ಕ್ಯಾಲೆಂಡರಿಗೆ ಬಂದಾಗ ಮಾತ್ರ ಅವಸರ. ವರ್ಷಕ್ಕೆ 360 ದಿನ, ತಿಂಗಳಿಗೆ 30 ದಿನ, ಪ್ರತಿ ತಿಂಗಳೂ ಒಂದನೇ ತಾರೀಖಿಗೆ ಅಮಾವಾಸ್ಯೆ. ತಿಂಗಳುಗಳಿಗೆ ಚೆಂದದ ಹೆಸರಿಟ್ಟರೆ ಕೆಲಸ ಮುಗೀತು. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಕ್ಯಾಲೆಂಡರಿನ ಸ್ವಾರಸ್ಯವೆಲ್ಲ ಇರುವುದು ಭಾಗಾಕಾರದ ಕೊನೆಯಲ್ಲಿ ಉಳಿಯುವ ಶೇಷದಲ್ಲಿ. ಇವರು ಮೊದಲು ಅಳಿಸಿ ಹಾಕುವುದೂ ಅದನ್ನೇ.

ಲೆಕ್ಕ ಸಮವಾಗಿ ಬರುವ ಜೋಡಿಗಳೇ ಆಕಾಶದಲ್ಲಿ ಇಲ್ಲವೇ? ಇವೆ. ಗುರುವಿನ ಉಪಗ್ರಹ ಅಯೋ 4 ಸುತ್ತು ಹಾಕುವಷ್ಟರಲ್ಲಿ ಯುರೋಪಾ 2 ಸುತ್ತು, ಗ್ಯಾನಿಮೀಡ್ 1 ಸುತ್ತು ಮುಗಿಸುತ್ತವೆ. ಆದರೆ ಅದಕ್ಕೊಂದು ಕಾರಣವಿದೆ. ಅವು ಒಂದನ್ನೊಂದು ಗುರುತ್ವದಿಂದ ಎಳೆಯುತ್ತಾ ಆ ಲಯಕ್ಕೆ ಸಿಕ್ಕಿಕೊಂಡಿವೆ. ನಮ್ಮ ಭೂಮಿಯಂಥ ಗ್ರಹದಲ್ಲಿ ದಿನಕ್ಕೂ ವರ್ಷಕ್ಕೂ ಅಂಥ ನಂಟೇ ಇಲ್ಲ. ದಿನ ನಿರ್ಧಾರವಾಗುವುದು ಗ್ರಹ ತನ್ನ ಸುತ್ತ ತಿರುಗುವ ವೇಗದಿಂದ, ವರ್ಷ ನಿರ್ಧಾರವಾಗುವುದು ಅದು ಸೂರ್ಯನಿಂದ ಇರುವ ದೂರದಿಂದ. ಎರಡೂ ಸರಿಯಾಗಿ 360ಕ್ಕೆ ಯಾಕೆ ಹೊಂದಬೇಕು?

ದೇವರೇ ಹಾಗೆ ಹೊಂದಿಸಿಟ್ಟ ಅಂತ ಕಥೆಯಲ್ಲಿ ಬರೆಯಬಹುದು. ಆದರೆ ಆ ಲೋಕಕ್ಕೆ ಚಂದ್ರನಿದ್ದು, ಸಮುದ್ರವಿದ್ದರೆ ಅದು ಹಾಗೇ ಉಳಿಯುವುದಿಲ್ಲ. ಉಬ್ಬರವಿಳಿತದ ಎಳೆತ ಗ್ರಹದ ತಿರುಗಾಟವನ್ನು ನಿಧಾನ ಮಾಡುತ್ತದೆ. ಜಾನ್ ವೆಲ್ಸ್ ಎಂಬ ವಿಜ್ಞಾನಿ ಹಳೆಯ ಹವಳದ ಪಳೆಯುಳಿಕೆಗಳಲ್ಲಿ ದಿನಕ್ಕೊಂದರಂತೆ ಮೂಡಿದ ಗೆರೆಗಳನ್ನು ಎಣಿಸಿ 1963ರಲ್ಲಿ ಪ್ರಕಟಿಸಿದರು. ಸುಮಾರು 38 ಕೋಟಿ ವರ್ಷದ ಹಿಂದೆ ಭೂಮಿಯ ಒಂದು ವರ್ಷದಲ್ಲಿ ಸುಮಾರು 400 ದಿನಗಳಿದ್ದವು! ವರ್ಷ ಉದ್ದ ಇತ್ತು ಅಂತಲ್ಲ, ದಿನ ಚಿಕ್ಕದಿತ್ತು.

ಸರಿ, ಒಂದು ಲೋಕ ಕಟ್ಟೋಣ. ಅಲ್ಲಿ ವರ್ಷಕ್ಕೆ 317.38 ದಿನ. ಹುಣ್ಣಿಮೆಯಿಂದ ಹುಣ್ಣಿಮೆಗೆ 23.4 ದಿನ. ಸುಮ್ನೆ ಹೊಳೆದ ಅಂಕಿಗಳು. ಮೊದಲು ಆ 0.38ರ ಗತಿ ಏನು ನೋಡೋಣ. 1ನ್ನು 0.38ರಿಂದ ಭಾಗಿಸಿದರೆ 2.63. ಪೂರ್ಣಸಂಖ್ಯೆ 2ನ್ನು ಪಕ್ಕಕ್ಕಿಟ್ಟು, ಉಳಿದ 0.63ರಿಂದ ಮತ್ತೆ 1ನ್ನು ಭಾಗಿಸಿ. ಹೀಗೇ ಮುಂದುವರಿಸಿ. ಪಕ್ಕಕ್ಕಿಟ್ಟ 2, 1, 1, 1, 2 ಎಂಬ ಸಂಖ್ಯೆಗಳನ್ನು 1/2, 1/(2+1/1) ಎಂಬಂತೆ ಮತ್ತೆ ಕಟ್ಟಿಕೊಂಡು ಬಂದರೆ 1/2, 1/3, 2/5, 3/8, 8/21 ಎಂಬ ಭಿನ್ನರಾಶಿಗಳು ಸಿಗುತ್ತವೆ. ಒಂದಕ್ಕಿಂತ ಒಂದು 0.38ಕ್ಕೆ ಹತ್ತಿರ. ಉದ್ದ ಹೆಜ್ಜೆಯ ಅಪ್ಪ, ಪುಟ್ಟ ಹೆಜ್ಜೆಯ ಮಗು ಜೊತೆಗೆ ನಡೆದರೆ ಆಗಾಗ ಇಬ್ಬರ ಕಾಲೂ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ ಬೀಳುತ್ತದಲ್ಲ, ಈ ಭಿನ್ನರಾಶಿಗಳು ಆ ಗೆರೆಗಳು. 2/5 ಅಂದರೆ ಐದು ವರ್ಷಕ್ಕೆ ಎರಡು ಅಧಿಕ ದಿನ. ಈ ನಿಯಮ 50 ವರ್ಷಕ್ಕೆ ಒಂದು ದಿನ ತಪ್ಪುತ್ತದೆ. 3/8 ಹಿಡಿದರೆ 200 ವರ್ಷಕ್ಕೆ ಒಂದು ದಿನ. 8/21 ಹಿಡಿದರೆ ಸಾವಿರ ವರ್ಷ ದಾಟಿದ ಮೇಲಷ್ಟೇ ಒಂದು ದಿನದ ತಪ್ಪು.

ನಮ್ಮ ಭೂಮಿಯ ವರ್ಷ 365.2422 ದಿನ. ಆ 0.2422ಕ್ಕೂ ಇದನ್ನೇ ಮಾಡಿ ನೋಡಿ. ಮೊದಲು ಬರುವುದು 1/4, ಅಂದರೆ ಜೂಲಿಯಸ್ ಸೀಸರನ ನಿಯಮ. ಆಮೇಲೆ 7/29, 8/33, 31/128. ನಾವೀಗ ಬಳಸುವ 97/400 (400 ವರ್ಷಕ್ಕೆ 97 ಅಧಿಕ ದಿನ) ಈ ಸಾಲಿನಲ್ಲೇ ಇಲ್ಲ! 33 ವರ್ಷಕ್ಕೆ 8 ಅಧಿಕ ದಿನ ಎಂಬ ನಿಯಮ ಅದಕ್ಕಿಂತ ನಿಖರ. ಆದರೆ ನೂರು, ನಾನೂರು ನೆನಪಿಡುವುದು ಸುಲಭ ಅಲ್ವಾ?

ಚಂದ್ರನ ಲೆಕ್ಕ ಇನ್ನೂ ಚೆಂದ. ನಾವು ಕಟ್ಟಿದ ಲೋಕದ ವರ್ಷದಲ್ಲಿ 13 ತಿಂಗಳು ಮುಗಿದು ಇನ್ನೂ 13.18 ದಿನ, ಅಂದರೆ 0.563 ತಿಂಗಳು ಮಿಗುತ್ತದೆ. ಈ 0.563ಕ್ಕೂ ಅದೇ ಭಾಗಾಕಾರ ಮಾಡಿದರೆ 9/16 ಸಿಗುತ್ತದೆ. 16 ವರ್ಷಕ್ಕೆ 9 ಅಧಿಕ ಮಾಸ ಹಾಕಿ. ಒಟ್ಟು 217 ತಿಂಗಳು, 5077.8 ದಿನ. 16 ವರ್ಷಕ್ಕೆ 5078.08 ದಿನ. ವ್ಯತ್ಯಾಸ ಕಾಲು ದಿನಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಭೂಮಿಯ ಮಟ್ಟಿಗೆ ಇಂಥ ಹೊಂದಾಣಿಕೆ 19 ವರ್ಷಕ್ಕೆ 235 ತಿಂಗಳು. ಬ್ಯಾಬಿಲೋನಿನವರು ಇದನ್ನು ಬಳಸಿದರು. ಅಥೆನ್ಸಿನ ಮೆಟಾನ್ ಕ್ರಿ.ಪೂ. 432ರಲ್ಲಿ ಇದನ್ನೇ ಮುಂದಿಟ್ಟ. ತಪ್ಪು ಸುಮಾರು ಎರಡು ಗಂಟೆ ಮಾತ್ರ.

ಈ ಶೇಷವನ್ನು ಜನ ಸುಮ್ಮನೆ ಬಿಡಲಿಲ್ಲ. ಮಧ್ಯ ಅಮೆರಿಕದ ಮಾಯಾ ಜನ 20 ದಿನದ 18 ತಿಂಗಳು ಎಣಿಸಿ, ಕೊನೆಗೆ ಉಳಿದ 5 ದಿನಗಳನ್ನು ಅಶುಭ ಅಂತ ಹೆದರುತ್ತಿದ್ದರು. ಆ ಐದು ದಿನ ಸೂರ್ಯನಿಗೆ ಏನೂ ಆಗುತ್ತಿರಲಿಲ್ಲ. 365ನ್ನು 20ರಿಂದ ಭಾಗಿಸಿದರೆ 5 ಉಳಿಯುತ್ತದೆ, ಅಷ್ಟೇ. ರೋಮಿನಲ್ಲಿ ಹೆದರಿಕೆಗಿಂತ ಕೆಟ್ಟದ್ದು ನಡೆಯಿತು. ಅಧಿಕ ಮಾಸ ಯಾವಾಗ ಹಾಕಬೇಕು ಅನ್ನುವುದು ಪುರೋಹಿತರ ಕೈಯಲ್ಲಿತ್ತು. ತಮ್ಮವರು ಅಧಿಕಾರದಲ್ಲಿದ್ದರೆ ವರ್ಷ ಉದ್ದವಾಗುತ್ತಿತ್ತು. ಕೊನೆಗೆ ಋತುಗಳಿಗೂ ತಾರೀಖಿಗೂ ತಾಳಮೇಳ ಇಲ್ಲವಾಗಿ, ಸೀಸರ್ ಕ್ರಿ.ಪೂ. 46ನೇ ವರ್ಷವನ್ನು 445 ದಿನಕ್ಕೆ ಎಳೆಯಬೇಕಾಯಿತು. ಅವನು ಸತ್ತ ಮೇಲೆ ಅದೇ ಪುರೋಹಿತರು ನಾಲ್ಕು ವರ್ಷಕ್ಕೊಮ್ಮೆ ಹಾಕಬೇಕಾದ ಅಧಿಕ ದಿನವನ್ನು ಮೂರು ವರ್ಷಕ್ಕೊಮ್ಮೆ ಹಾಕಿದರು. ಸರಿ ಮಾಡಲು ಚಕ್ರವರ್ತಿ ಅಗಸ್ಟಸ್ ಬರಬೇಕಾಯಿತು.

ವಾರಕ್ಕೆ ಎಷ್ಟು ದಿನ ಅನ್ನುವುದು ನಿಮ್ಮಿಷ್ಟ, ಅದಕ್ಕೆ ಆಕಾಶದ ಕಟ್ಟುಪಾಡಿಲ್ಲ. ಆದರೆ ಅಧಿಕ ದಿನದ ನಿಯಮವನ್ನು ಮೊದಲೇ ಆರಿಸಿಕೊಳ್ಳಿ. ನಿಮ್ಮ ಸಾಮ್ರಾಜ್ಯಕ್ಕೆ ಸಾವಿರ ವರ್ಷ ಆಗಿದ್ದು, ಅವರು 2/5 ನಿಯಮವನ್ನೇ ಹಿಡಿದಿದ್ದರೆ ತಾರೀಖು 20 ದಿನ ಹಿಂದೆ ಬಿದ್ದಿರುತ್ತದೆ. ಬಿತ್ತನೆ ಹಬ್ಬ ಬರುವ ಹೊತ್ತಿಗೆ ಹೊಲದಲ್ಲಿ ಪೈರು ಮೇಲೆದ್ದಿರುತ್ತದೆ. 1582ರಲ್ಲಿ ಪೋಪ್ ಗ್ರೆಗರಿ ಅಕ್ಟೋಬರ್ 4ರ ಮರುದಿನವನ್ನೇ 15 ಅಂತ ಮಾಡಿ 10 ದಿನ ತೆಗೆದು ಹಾಕಿದ ಹಾಗೆ, ನಿಮ್ಮ ರಾಜನೂ 20 ದಿನ ತೆಗೆಯಬೇಕಾಗುತ್ತದೆ. ಆ 20 ದಿನದ ಕೂಲಿ, ಬಡ್ಡಿ, ಬಾಡಿಗೆ ಯಾರ ಲೆಕ್ಕಕ್ಕೆ ಅಂತಲೂ ಅವನೇ ಹೇಳಬೇಕು.