ಲೂಸಿಫರ್ ಅನ್ನೋದು ಸೈತಾನನ ನಿಜವಾದ ಹೆಸರಾ?

ಇದೇ ಪ್ರಶ್ನೆ ಮತ್ತೆ ಬಂದಿದೆ. "ಸ್ವರ್ಗದಲ್ಲಿ ದೇವದೂತನಾಗಿದ್ದಾಗ ಅವನ ಹೆಸರು ಲೂಸಿಫರ್, ಬಿದ್ದ ಮೇಲೆ ಸೈತಾನ ಆದ. ಬೈಬಲ್‌ನಲ್ಲೇ ಹೀಗಿದೆ, ಅಲ್ವಾ?" ಇಲ್ಲ. ಬೈಬಲ್‌ನಲ್ಲಿ ಎಲ್ಲೂ ಹೀಗೆ ಬರೆದಿಲ್ಲ. ಸಿನಿಮಾ, ವಿಡಿಯೊ ಗೇಮ್ ನೋಡಿದವರು ಇದನ್ನು ಎಷ್ಟು ಸಲ ಕೇಳಿದ್ದಾರೋ ಲೆಕ್ಕವಿಲ್ಲ. ಈ ಸಲ ಬುಡದಿಂದಲೇ ಹೇಳಿಬಿಡುತ್ತೇನೆ.

ಇಡೀ ಕಥೆ ನಿಂತಿರುವುದು ಒಂದು ಸಾಲಿನ ಮೇಲೆ. ಬೈಬಲ್‌ನ ಯೆಶಾಯನ ಗ್ರಂಥದ 14ನೇ ಅಧ್ಯಾಯ, 12ನೇ ವಚನ. ಹೀಬ್ರೂ ಮೂಲದಲ್ಲಿ ಅಲ್ಲಿರುವುದು 'ಹೇಲೆಲ್ ಬೆನ್ ಶಾಹರ್'. ಹೊಳೆಯುವವನು, ಮುಂಜಾವಿನ ಮಗ ಅಂತ ಅರ್ಥ. ಅಂದರೆ ಬೆಳಗಿನ ಜಾವ ಮೂಡುವ ಬೆಳ್ಳಿ, ನಮ್ಮ ಶುಕ್ರ ಗ್ರಹ. 4ನೇ ಶತಮಾನದ ಕೊನೆಯ ಹೊತ್ತಿಗೆ ಜೆರೋಮ್ ಎಂಬ ಕ್ರೈಸ್ತ ವಿದ್ವಾಂಸರು ಬೈಬಲನ್ನು ಲ್ಯಾಟಿನ್‌ಗೆ ತಂದರು. ಲ್ಯಾಟಿನ್‌ನಲ್ಲಿ ಬೆಳ್ಳಿಗೆ ಇದ್ದ ಮಾಮೂಲಿ ಪದವೇ 'ಲೂಸಿಫರ್', ಬೆಳಕು ತರುವುದು. ಅವರು ಅದನ್ನೇ ಬರೆದರು. ತಪ್ಪೇನೂ ಇಲ್ಲ. ಆದರೆ 1611ರ ಇಂಗ್ಲಿಷ್ ಕಿಂಗ್ ಜೇಮ್ಸ್ ಬೈಬಲ್ ಆ ಪದವನ್ನು ಅನುವಾದಿಸದೆ ಹಾಗೇ ಇಟ್ಟುಕೊಂಡಿತು. ಲ್ಯಾಟಿನ್ ಬಾರದ ಓದುಗರಿಗೆ ಅದು ಯಾರದೋ ಹೆಸರಿನಂತೆಯೇ ಕಾಣಿಸಿತು.

ಆ ಸಾಲು ಯಾರನ್ನು ಕುರಿತದ್ದು? ಸುಮ್ನೆ ಎಂಟು ವಚನ ಹಿಂದೆ ಹೋಗಿ. ಬಾಬೆಲಿನ, ಅಂದರೆ ಬ್ಯಾಬಿಲೋನಿನ ಅರಸನನ್ನು ಹಂಗಿಸುವ ಹಾಡು ಅಂತ 4ನೇ ವಚನವೇ ಹೇಳುತ್ತದೆ. 16ನೇ ವಚನದಲ್ಲಿ ಜನ ಕೇಳುವುದು, ಭೂಮಿಯನ್ನು ನಡುಗಿಸಿದ ಮನುಷ್ಯ ಇವನೇನಾ ಅಂತ. ಮನುಷ್ಯ! ಅವನ ಹೆಣಕ್ಕೆ ಸಮಾಧಿಯೂ ಸಿಗುವುದಿಲ್ಲ. ದೇವದೂತನಿಗೆ ಹೆಣ ಎಲ್ಲಿಂದ ಬರಬೇಕು?

ಈ ಹೋಲಿಕೆ ಎಷ್ಟು ಚೆನ್ನಾಗಿದೆ ನೋಡಿ. ನಕ್ಷತ್ರಗಳಿಗಿಂತ ಮೇಲೆ ಸಿಂಹಾಸನ ಹಾಕುತ್ತೇನೆ ಅಂದುಕೊಂಡವನು ಆ ಅರಸ. ಬೆಳ್ಳಿಯೂ ಆಕಾಶದಲ್ಲಿ ಎಲ್ಲ ಚುಕ್ಕಿಗಳಿಗಿಂತ ಜಾಸ್ತಿ ಹೊಳೆಯುತ್ತದೆ. ಆದರೆ ಅದು ಸೂರ್ಯನಿಂದ ಸುಮಾರು 47 ಡಿಗ್ರಿಗಿಂತ ದೂರ ಹೋಗುವುದೇ ಇಲ್ಲ. ನೆತ್ತಿಯ ಮೇಲೆ ಬರುವ ಮೊದಲೇ ಬೆಳಕು ಹರಿದು ಅದನ್ನು ಅಳಿಸಿಬಿಡುತ್ತದೆ. ಇಂಥ ಸಾಲನ್ನು ಬರೀ ಒಂದು ಹೆಸರು ಮಾಡಿಬಿಟ್ಟರಲ್ಲ ಅಂತ ನನಗೆ ನಿಜವಾಗಿಯೂ ಬೇಜಾರು.

ಇನ್ನೂ ನಂಬಿಕೆ ಬರದಿದ್ದರೆ ಬೈಬಲ್‌ನಲ್ಲೇ ಇರುವ ಪೇತ್ರನ ಎರಡನೇ ಪತ್ರ ನೋಡಿ, 1ನೇ ಅಧ್ಯಾಯ, 19ನೇ ವಚನ. ನಿಮ್ಮ ಹೃದಯಗಳಲ್ಲಿ ಬೆಳ್ಳಿ ಮೂಡುವ ತನಕ ಅಂತ ಅಲ್ಲಿದೆ. ಲ್ಯಾಟಿನ್ ಬೈಬಲ್‌ನಲ್ಲಿ ಅಲ್ಲೂ ಅದೇ ಪದ, ಲೂಸಿಫರ್. ಭಕ್ತರ ಹೃದಯದಲ್ಲಿ ಸೈತಾನ ಮೂಡಲಿ ಅಂತ ಪೇತ್ರನ ಪತ್ರ ಹೇಳುತ್ತದೆಯೇ? ಅದೇ 4ನೇ ಶತಮಾನದಲ್ಲಿ ಸಾರ್ಡೀನಿಯಾ ದ್ವೀಪದ ಕಾಲ್ಯಾರಿಯಲ್ಲಿ ಒಬ್ಬ ಬಿಷಪ್ ಇದ್ದರು. ಅವರ ಹೆಸರು ಲೂಸಿಫರ್. ಆಗ ಅದೊಂದು ಒಳ್ಳೆಯ ಹೆಸರು.

ಹಾಗಾದರೆ ಸೈತಾನ ಒಳಗೆ ಬಂದದ್ದು ಹೇಗೆ? ಸೈತಾನ ಮಿಂಚಿನಂತೆ ಆಕಾಶದಿಂದ ಬೀಳುವುದನ್ನು ಕಂಡೆ ಅಂತ ಲೂಕನ ಸುವಾರ್ತೆಯಲ್ಲಿ ಯೇಸು ಹೇಳುತ್ತಾರೆ. 3ನೇ ಶತಮಾನದ ಕ್ರೈಸ್ತ ಪಂಡಿತ ಆರಿಜೆನ್ ಈ ಮಾತನ್ನೂ ಯೆಶಾಯನ ಸಾಲನ್ನೂ ಜೋಡಿಸಿ ಓದಿದರು. ಆ ಓದು ಉಳಿಯಿತು. ಮುಂದೆ ಡಾಂಟೆ, ಮಿಲ್ಟನ್ ಅವರ ಕಾವ್ಯಗಳು ಅದನ್ನು ಗಟ್ಟಿ ಮಾಡಿದವು.

ಜೆರೋಮ್ ಹೆಸರು ಬಂದಿದ್ದಕ್ಕೆ ಇನ್ನೊಂದು ಮಾತು. ಸೀನಾಯಿ ಬೆಟ್ಟ ಇಳಿದು ಬಂದ ಮೋಶೆಯ ಮುಖ ಹೊಳೆಯುತ್ತಿತ್ತು ಅಂತ ಬೈಬಲ್‌ನ ವಿಮೋಚನಕಾಂಡ ಹೇಳುತ್ತದೆ. ಅಲ್ಲಿನ ಹೀಬ್ರೂ ಕ್ರಿಯಾಪದ 'ಕರನ್'. ಕೊಂಬಿಗೆ ಹೀಬ್ರೂ ಪದ 'ಕೆರೆನ್'. ಎರಡಕ್ಕೂ ಬೇರು ಒಂದೇ. ಜೆರೋಮ್ ಕೊಂಬುಳ್ಳ ಮುಖ ಅಂತ ಬರೆದರು. ಚಿತ್ರಕಾರರು, ಶಿಲ್ಪಿಗಳು ಅದನ್ನೇ ಹಿಡಿದರು. ರೋಮಿನ ಸಾನ್ ಪಿಯೆತ್ರೊ ಇನ್ ವಿಂಕೊಲಿ ಚರ್ಚಿನಲ್ಲಿ ಮೈಕೆಲಾಂಜೆಲೊ ಕೆತ್ತಿದ ಮೋಶೆಯ ಅಮೃತಶಿಲೆಯ ಮೂರ್ತಿ ಇದೆ. ತಲೆಯ ಮೇಲೆ ಎರಡು ಕೊಂಬು. ಅದರ ಫೋಟೊ ಕಂಡರೆ ಸೈತಾನ ಅಂದುಕೊಳ್ಳಬೇಡಿ. ಬಲಗೈ ಹತ್ತಿರ ನೋಡಿ, ದೇವರು ಮೋಶೆಗೆ ಕೊಟ್ಟ ದಶಾಜ್ಞೆಯ ಕಲ್ಲಿನ ಹಲಗೆಗಳಿವೆ.