ಕಂಪನಿ ಮುಚ್ಚಿತು, ಗಾಡಿ ಓಡುತ್ತಿದೆ

ಹೋದ ತಿಂಗಳು ಒಬ್ಬ ಹುಡುಗ ಹಳೇ ಯೆಜ್ಡಿ ಬೈಕೊಂದನ್ನು ತಳ್ಳಿಕೊಂಡು ಮೈಸೂರಿನ ನಮ್ಮ ಗ್ಯಾರೇಜಿಗೆ ಬಂದ. ತಾತನ ಗಾಡಿ. ಸೈಲೆನ್ಸರ್ ಎರಡರಲ್ಲೂ ದಟ್ಟ ಬಿಳಿ ಹೊಗೆ. ಬೇರೆ ಕಡೆ ತೋರಿಸಿದಾಗ, "ಬೋರ್ ಹೋಗಿದೆ, ಕಂಪನಿನೇ ಇಲ್ಲ, ಗುಜರಿಗೆ ಹಾಕಿಬಿಡಿ" ಅಂದಿದ್ದರಂತೆ. ಬೋರ್ ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಮೈ, ಅದು ಸವೆದಿದೆ ಅಂತ ಅವರ ಮಾತು. ಹುಡುಗನ ಮುಖ ಸಣ್ಣಗಾಗಿತ್ತು. "ಕಂಪನಿ ಮುಚ್ಚಿದ ಮೇಲೆ ಸ್ಪೇರ್ ಎಲ್ಲಿಂದ ತರೋದು ಸಾರ್?" ಅಂತ ಕೇಳಿದ.

ಈ ಪ್ರಶ್ನೆಯನ್ನು ವಾರಕ್ಕೊಮ್ಮೆಯಾದರೂ ಯಾರಾದರೊಬ್ಬರು ನನಗೆ ಕೇಳುತ್ತಾರೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬೈಕಿನಲ್ಲಿ ಎರಡು ಜಾತಿಯ ಪಾರ್ಟ್‌ಗಳಿವೆ. ಕೆಲವು ಆ ಕಂಪನಿಯವೇ. ಸಿಲಿಂಡರ್, ಅದರ ಕೆಳಗಿನ ಎಂಜಿನ್ ಪೆಟ್ಟಿಗೆ ಅಂದರೆ ಕ್ರ್ಯಾಂಕ್ ಕೇಸ್, ಗೇರುಗಳು, ಟ್ಯಾಂಕು. ಇನ್ನು ಕೆಲವು ಯಾವ ಕಂಪನಿಯವೂ ಅಲ್ಲ. ಬೇರಿಂಗ್ ತಗೊಳ್ಳಿ. ಅದರ ಅಂಚಿನಲ್ಲಿ 6305 ಅಂತ ಕೆತ್ತಿದ್ದರೆ ಒಳಗಿನ ಅಳತೆ 25 ಮಿ.ಮೀ., ಹೊರಗಿನದು 62, ದಪ್ಪ 17. ಮೈಸೂರಿನಲ್ಲಿ ಕೊಂಡರೂ ಅಷ್ಟೇ, ಜಪಾನಿನಲ್ಲಿ ಕೊಂಡರೂ ಅಷ್ಟೇ. ಆಯಿಲ್ ಸೋರದಂತೆ ತಡೆಯುವ ರಬ್ಬರ್ ಬಳೆ, ಆಯಿಲ್ ಸೀಲೂ ಹಾಗೆಯೇ, ಒಳಗು, ಹೊರಗು, ದಪ್ಪ ಅಂತ ಮೂರು ಅಳತೆ. ಚೈನು, ಪ್ಲಗ್ಗು, ಬಲ್ಬು ಎಲ್ಲಾ ಇದೇ ಲೆಕ್ಕ. ಹಳೇ ಗಾಡಿ ನಿಂತುಹೋಗುವುದು ಜಾಸ್ತಿ ಸಲ ಈ ಎರಡನೇ ಜಾತಿಯ ಪಾರ್ಟಿನಿಂದ. ಜನ ಹೆದರುವುದು ಮಾತ್ರ ಮೊದಲನೆಯದಕ್ಕೆ.

ಮೊದಲನೇ ಜಾತಿಯ ಪಾರ್ಟ್ ಸಿಗುತ್ತದೋ ಇಲ್ಲವೋ ಅನ್ನುವುದು ಆ ಗಾಡಿಯ ವಂಶದ ಮೇಲೆ ನಿಂತಿದೆ. ಯೆಜ್ಡಿಯದೇ ನೋಡಿ, ಅದರ ಮೂಲ ಚೆಕ್ ದೇಶದ ಜಾವಾ. ಫ್ರಾಂಟಿಶೆಕ್ ಯಾನೆಚೆಕ್ ಅನ್ನುವವರು ಪ್ರಾಗ್‌ನಲ್ಲಿ ಬಂದೂಕು, ಮದ್ದುಗುಂಡು ಮಾಡುತ್ತಿದ್ದರು. 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ 500 ಸಿಸಿ ಬೈಕಿನ ಹಕ್ಕು ಕೊಂಡರು. ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಯಾನೆಚೆಕ್‌ನ ಮೊದಲೆರಡು ಅಕ್ಷರ JA, ವಾಂಡರರ್‌ನ ಮೊದಲೆರಡು ಅಕ್ಷರ WA ಸೇರಿ ಜಾವಾ ಆಯಿತು. ಚೆಕ್ ಜನರ ಬಾಯಲ್ಲಿ ಅದು ಯಾವಾ. ಇಂಡೋನೇಷ್ಯಾದ ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಬಂದ ಜಾವಾದ 250 ಸಿಸಿ ಟೂ ಸ್ಟ್ರೋಕ್ ಬೈಕು, ಅಂದರೆ ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಗಾಡಿ, ದೇಶ ದೇಶ ಸುತ್ತಿತು. ನಮ್ಮಲ್ಲಿ ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಿಂದ ಗಾಡಿ ಹೊರಬಂದವು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು, 1978ರಲ್ಲಿ ರೋಡ್‌ಕಿಂಗ್ ಬಂತು. ಆಮೇಲೆ 1984–85ರಲ್ಲಿ ಜಪಾನಿನ ಜೊತೆಗೂಡಿ ಮಾಡಿದ 100 ಸಿಸಿ ಗಾಡಿಗಳು ಬಂದವು. ಹೀರೋ ಹೋಂಡಾ ಸಿಡಿ 100 ಒಂದು ಲೀಟರಿಗೆ ಓಡುವಷ್ಟು ದೂರದ ಅರ್ಧವೂ ಯೆಜ್ಡಿ ಓಡುತ್ತಿರಲಿಲ್ಲ. ಹೊಗೆಯ ನಿಯಮವೂ ಬಿಗಿಯಾಗುತ್ತಾ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಈ ಊರಿನಲ್ಲಿ ಎಷ್ಟೋ ಮನೆಗಳ ಅನ್ನ ಅಲ್ಲಿಂದ ಬರುತ್ತಿತ್ತು. ಆ ಗೇಟಿನ ದಾರಿಯಲ್ಲಿ ಹೋಗುವಾಗ ನನಗೆ ಇವತ್ತಿಗೂ ಹೊಟ್ಟೆ ಚುರುಕ್ ಅನ್ನುತ್ತದೆ.

ಆದರೆ ಮೂವತ್ತೈದು ವರ್ಷ ಒಂದೇ ಎಂಜಿನ್ನನ್ನು ಸ್ವಲ್ಪ ಸ್ವಲ್ಪ ಬದಲಿಸುತ್ತಾ ಮಾಡಿದ್ದರಿಂದ ಒಂದು ಉಪಕಾರವಾಯಿತು. ಅದರ ಅಳತೆಗಳು ಲೇತ್‌ನವರ ಕೈಗೆ ಇಳಿದುಬಿಟ್ಟವು. ಪಿಸ್ಟನ್ನು, ರಿಂಗು, ಕನೆಕ್ಟಿಂಗ್ ರಾಡ್ ಇವತ್ತಿಗೂ ಹೊಸದಾಗಿ ಸಿಗುತ್ತವೆ. ಕಿಕ್ಕರ್ ಕೂಡ ಸಿಗುತ್ತದೆ. ಯೆಜ್ಡಿಯಲ್ಲಿ ಕಿಕ್ಕರೇ ಗೇರ್ ಲಿವರ್, ಅದನ್ನೇ ಮೇಲಕ್ಕೆ ತಿರುಗಿಸಿ ಒದೆಯಬೇಕು. ಗೇರ್ ಹಾಕುವಾಗ ಕ್ಲಚ್ ತಾನೇ ಬಿಡುವ ಏರ್ಪಾಡೂ ಇದೆ. ಅಷ್ಟೆಲ್ಲಾ ಕೆಲಸ ಇರುವ ಜಾಗದ ಪಾರ್ಟು ಇನ್ನೂ ತಯಾರಾಗುತ್ತಿದೆ ಅಂದರೆ ಕೊಳ್ಳುವ ಜನ ಎಷ್ಟಿದ್ದಾರೆ ನೋಡಿ. ಗೇರುಗಳ ವಿಷಯದಲ್ಲಿ ಮಾತ್ರ ಹುಷಾರು. ಹೊಸದಾಗಿ ಮಾಡಿದವುಗಳಲ್ಲಿ ಕೆಲವಕ್ಕೆ ಹದ ಸರಿಯಾಗಿರುವುದಿಲ್ಲ, ಹಲ್ಲು ಬೇಗ ಉದುರುತ್ತವೆ. ನಾನು ಹಳೇ ಗಾಡಿಯಿಂದ ಬಿಚ್ಚಿದ ಮೂಲ ಗೇರನ್ನೇ ಹುಡುಕುತ್ತೇನೆ.

2018ರಲ್ಲಿ ಮತ್ತೆ ಬಂದ ಜಾವಾದ ಪಾರ್ಟು ಇದಕ್ಕೆ ಆಗುತ್ತಾ ಅಂತಲೂ ಕೇಳುತ್ತಾರೆ. ಆಗಲ್ಲ. ಅದು 293 ಸಿಸಿ ಫೋರ್ ಸ್ಟ್ರೋಕ್, ನೀರಿನಿಂದ ತಣಿಯುವ ಎಂಜಿನ್ನು. ಟ್ಯಾಂಕಿನ ಮೇಲಿನ ಹೆಸರು ಒಂದೇ, ಒಳಗಿನ ಗಾಡಿ ಬೇರೆ.

ಬೇರೆ ದೇಶದ ಕಂಪನಿಗಳ ಕತೆಯೂ ಹೀಗೇ ವಂಶದಿಂದಲೇ ಉಳಿದದ್ದು. ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್‌ನ ರೆಡ್ಡಿಚ್ ಊರಿನ ಕಾರ್ಖಾನೆ 1967ರಲ್ಲಿ ಮುಚ್ಚಿತು, 1970ರ ಹೊತ್ತಿಗೆ ಆ ದೇಶದಲ್ಲಿ ಕಂಪನಿಯ ಕೆಲಸ ಪೂರ್ತಿ ನಿಂತಿತು. ಆದರೆ 1955ರಲ್ಲೇ ಮದ್ರಾಸಿನಲ್ಲಿ ಬುಲೆಟ್ ಕೆಲಸ ಶುರುವಾಗಿತ್ತು. ಹಾಗಾಗಿ ಆ ಎಂಜಿನ್ನಿನ ಅಚ್ಚುಗಳು ಗುಜರಿಗೆ ಹೋಗಲಿಲ್ಲ, ಮುಂದೆ ಇಂಗ್ಲೆಂಡಿನವರೇ ಮದ್ರಾಸಿನ ಬುಲೆಟ್ ಕೊಂಡರು. ಇಟಲಿಯ ಲ್ಯಾಂಬ್ರೆಟಾ ಸ್ಕೂಟರಿನ ಯಂತ್ರಗಳು ಎಪ್ಪತ್ತರ ದಶಕದಲ್ಲಿ ಲಖನೌಗೆ ಬಂದವು. ಜರ್ಮನಿಯ ಡಿಕೆಡಬ್ಲ್ಯೂ ಕಂಪನಿಯ ಆರ್‌ಟಿ 125 ಬೈಕಿನ ಕತೆ ಇನ್ನೂ ವಿಚಿತ್ರ. ಯುದ್ಧದಲ್ಲಿ ಜರ್ಮನಿ ಸೋತ ಮೇಲೆ ಅದರ ನಕ್ಷೆಯನ್ನು ಗೆದ್ದವರು ತಗೊಂಡರು. ಇಂಗ್ಲೆಂಡಿನ ಬಿಎಸ್ಎ ಬ್ಯಾಂಟಮ್, ಅಮೆರಿಕದ ಹಾರ್ಲೆಯ 125, ಮಾಸ್ಕೋದ ಒಂದು ಗಾಡಿ, ಎಲ್ಲವೂ ಅದರ ಮಕ್ಕಳು. ಯಮಹಾದ ಮೊದಲ ಬೈಕ್ ವೈಎ 1 ಕೂಡ ಅದನ್ನೇ ನೋಡಿ 1955ರಲ್ಲಿ ಮಾಡಿದ್ದು. ಹೀಗೆ ಹರಡಿಕೊಂಡ ಗಾಡಿಯನ್ನು ರಿಪೇರಿ ಮಾಡುವುದು ಸುಲಭ. ಕೆಲವೇ ಕೆಲವು ಮಾಡಿ ಮುಚ್ಚಿಹೋದ ಕಂಪನಿಯ ಗಾಡಿ ಕೊಳ್ಳುವ ಮುಂಚೆ ಎರಡು ಸಲ ಯೋಚಿಸಿ ಅಂತ ನಾನು ನೇರವಾಗಿ ಹೇಳಿಬಿಡುತ್ತೇನೆ.

ಈಗ ಆ ಹುಡುಗನ ಗಾಡಿಗೆ ಬರೋಣ. ನಾನು ಮೊದಲು ಹೆಡ್ ಬಿಚ್ಚಲಿಲ್ಲ, ಗೇರ್ ಆಯಿಲ್ ನೋಡಿದೆ. ಅರ್ಧಕ್ಕಿಂತ ಕಡಿಮೆ ಇತ್ತು. ಕೆಳಗೆ ನೆಲದ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಹಾಗಾದರೆ ಆಯಿಲ್ ಎಲ್ಲಿ ಹೋಯಿತು? ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್ ಮೇಲೇರುವಾಗ ಕ್ರ್ಯಾಂಕ್ ಕೇಸಿನೊಳಗೆ ಎಳೆತ ಹುಟ್ಟುತ್ತದೆ. ಪೆಟ್ರೋಲ್, ಗಾಳಿ ಒಳಗೆ ಬರುವುದೇ ಆ ಎಳೆತಕ್ಕೆ. ಕ್ರ್ಯಾಂಕ್ ಕೇಸಿನ ಎರಡೂ ಕಡೆ ಒಂದೊಂದು ಆಯಿಲ್ ಸೀಲ್ ಇದೆ. ಕ್ಲಚ್ ಕಡೆಯ ಸೀಲ್ ಹೋಗಿದ್ದರೆ ಪೆಟ್ರೋಲಿನ ಜೊತೆ ಆ ಕಡೆಯ ಗೇರ್ ಆಯಿಲನ್ನೂ ಹೀರುತ್ತದೆ, ಅದು ಉರಿದು ಬರುವುದೇ ಬಿಳಿ ಹೊಗೆ. ಇನ್ನೊಂದು ಕಡೆಯ ಸೀಲ್ ಹೋದರೆ ಹೊಗೆ ಬರುವುದಿಲ್ಲ, ಬರೀ ಗಾಳಿ ಹೀರುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕಿರುಚುತ್ತದೆ, ಕಾಯುತ್ತದೆ, ಕೊನೆಗೆ ಪಿಸ್ಟನ್ ಸಿಲಿಂಡರಿನೊಳಗೇ ಸಿಕ್ಕಿ ಹಿಡಿದುಕೊಳ್ಳುತ್ತದೆ. ಹೊಗೆಗಿಂತ ಇದು ಅಪಾಯ.

ಎಡಗಡೆ ಕವರು, ಕ್ಲಚ್ಚು ಬಿಚ್ಚಿದೆವು. ಸೀಲಿನ ರಬ್ಬರ್ ತುಟಿ ಒಣಗಿ ಹಪ್ಪಳದ ಹಾಗಾಗಿತ್ತು. ಉಗುರಿನಲ್ಲಿ ಒತ್ತಿದರೆ ಪುಡಿಯಾಯಿತು. ಗಾಡಿ ವರ್ಷಗಟ್ಟಲೆ ನಿಂತೇ ಇತ್ತಲ್ಲ, ರಬ್ಬರಿಗೆ ಅದೇ ಶತ್ರು. ಬೋರ್ ಅಳೆದು ನೋಡಿದೆ, ಇನ್ನೂ ಚೆನ್ನಾಗಿತ್ತು. ಎರಡೂ ಕಡೆಯ ಸೀಲ್ ಹೊಸದು ಹಾಕಿದೆ.

ಪೆಟ್ರೋಲಿಗೆ ಲೀಟರಿಗೆ 40 ಮಿ.ಲೀ. ಟೂಟಿ ಆಯಿಲ್, ಅಂದರೆ ಟೂ ಸ್ಟ್ರೋಕ್ ಗಾಡಿಯ ಆಯಿಲ್, ಬೆರೆಸಿ ತೋರಿಸಿದೆ. ಬಂಕಿನಲ್ಲಿ ಅಂದಾಜಿನಲ್ಲಿ ಸುರಿಯಬೇಡ, ಅಳತೆ ಡಬ್ಬಿ ಇಟ್ಟುಕೋ ಅಂದೆ. ಮೂರನೇ ಕಿಕ್ಕಿಗೆ ಗಾಡಿ ಹಿಡಿಯಿತು. ಮೊದಲು ಹೊಗೆ ಬಂದಾಗ ಅವನ ಮುಖ ಮತ್ತೆ ಬಾಡಿತು. ಸೈಲೆನ್ಸರ್ ಒಳಗೆ ಕೂತಿರುವ ಹಳೇ ಆಯಿಲ್ ಉರಿಯುವವರೆಗೂ ಹೀಗೇ ಇರುತ್ತದೆ, ರಿಂಗ್ ರೋಡಿನಲ್ಲಿ ಒಂದು ಸುತ್ತು ಹಾಕಿಕೊಂಡು ಬಾ ಅಂತ ಕಳಿಸಿದೆ. ಮುಕ್ಕಾಲು ಗಂಟೆ ಕಳೆದು ಬಂದ. ಹೊಗೆ ತೆಳುವಾಗಿತ್ತು. ಗಾಡಿ ಆಫ್ ಮಾಡದೆ ಅಲ್ಲೇ ಫೋನ್ ತೆಗೆದು ತಾತನಿಗೆ ಆ ಶಬ್ದ ಕೇಳಿಸಿದ.