ಎಸ್ಟೇಟು ಪಾರ್ಕ್ ಆದದ್ದು ಹೇಗೆ: ಬ್ರ್ಯಾಡ್ಲಿ ಪಾಲ್ಮರ್ ಕುರಿತ ಟಿಪ್ಪಣಿ

ಎಸ್ಟೇಟ್ ಅಂದ ತಕ್ಷಣ ನಮಗೆ ನೆನಪಾಗುವುದು ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟ, ಅಲ್ವಾ? ಈ ಪಾಠದ ಮಟ್ಟಿಗೆ ಅದನ್ನು ಬದಿಗಿಡಿ. 1900ರ ಸುಮಾರಿಗೆ ಅಮೆರಿಕದ ಬಾಸ್ಟನ್ ನಗರದ ಸಿರಿವಂತರು ಹಳ್ಳಿ ಕಡೆ ನೂರಾರು ಎಕರೆ ಕೊಂಡು, ಬಂಗಲೆ ಕಟ್ಟಿಸಿ, ಕುದುರೆ ಸವಾರಿ ಮಾಡಿಕೊಂಡು ಇರುತ್ತಿದ್ದರು. ವಕೀಲ ಬ್ರ್ಯಾಡ್ಲಿ ಪಾಲ್ಮರ್ ಅವರ ಎಸ್ಟೇಟ್ ಅಂಥದ್ದು. ಮ್ಯಾಸಚೂಸೆಟ್ಸ್ ರಾಜ್ಯದ ಟಾಪ್ಸ್‌ಫೀಲ್ಡ್ ಬಳಿ, ಇಪ್ಸ್ವಿಚ್ ನದಿಯ ದಡದಲ್ಲಿದೆ. ಕಲ್ಲಿನ ಗೋಡೆಯ ಆ ಬಂಗಲೆಯ ಹೆಸರು ವಿಲ್ಲೋಡೇಲ್.

ಪಾಲ್ಮರ್ ದೊಡ್ಡ ದೊಡ್ಡ ಕಂಪನಿಗಳ ವಕೀಲರು. ಟೀಪಾಟ್ ಡೋಮ್ ಹಗರಣದಲ್ಲಿ ಸಿಂಕ್ಲೇರ್ ಆಯಿಲ್ ಪರ ಕೆಲಸ ಮಾಡಿದ್ದರು. ಈ ಹಗರಣ ಅರ್ಥವಾಗದೆ ಮುಂದೆ ಹೋಗಬೇಡಿ. ಟೀಪಾಟ್ ಡೋಮ್ ವಯೋಮಿಂಗ್ ರಾಜ್ಯದಲ್ಲಿದೆ. ನೌಕಾಪಡೆಗೆಂದು ಮೀಸಲಿಟ್ಟಿದ್ದ ತೈಲ ನಿಕ್ಷೇಪ ಅದು. 1922ರಲ್ಲಿ ಸಚಿವ ಆಲ್ಬರ್ಟ್ ಫಾಲ್ ಟೆಂಡರ್ ಕರೆಯದೆ, ಗುಟ್ಟಾಗಿ, ಅದನ್ನು ಹ್ಯಾರಿ ಸಿಂಕ್ಲೇರ್ ಅವರ ಕಂಪನಿಗೆ ಗುತ್ತಿಗೆ ಕೊಟ್ಟರು. 1927ರಲ್ಲಿ ಸುಪ್ರೀಂ ಕೋರ್ಟ್ ಆ ಗುತ್ತಿಗೆಯನ್ನು ಅಸಿಂಧು ಮಾಡಿತು. ಲಂಚದ ಕೇಸಿನಲ್ಲಿ ಫಾಲ್ ತಪ್ಪಿತಸ್ಥ ಎಂದು 1929ರಲ್ಲಿ ತೀರ್ಪಾಯಿತು.

ಜನರ ಸ್ವತ್ತು ಖಾಸಗಿಯವರ ಕೈಗೆ ಹೋದ ಕೇಸು ಅದು. ಅದರಲ್ಲಿ ಕಂಪನಿ ಕಡೆ ಇದ್ದ ವಕೀಲರೇ ಮುಂದೆ ತಮ್ಮ ಸ್ವಂತ ನೆಲವನ್ನು ಜನರಿಗೆ ಕೊಟ್ಟರು. ಈ ಪಾಠದಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಇದೇ.

ಕೊಟ್ಟ ರೀತಿ ಗಮನಿಸಿ. ಉಯಿಲು ಬರೆದರೆ ಅದು ಜಾರಿಗೆ ಬರುವುದು ಬರೆದವರು ತೀರಿಕೊಂಡ ಮೇಲೆ. ದಾನಪತ್ರ ಹಾಗಲ್ಲ, ಬದುಕಿರುವಾಗಲೇ ಹಕ್ಕು ಕೈ ಬದಲಾಗುತ್ತದೆ. ಪಾಲ್ಮರ್ 1937ರಿಂದ 1944ರವರೆಗೆ ಸ್ವಲ್ಪ ಸ್ವಲ್ಪವಾಗಿ ರಾಜ್ಯಕ್ಕೆ ಜಮೀನು ಕೊಡುತ್ತಾ ಹೋದರು. ತೀರಿಕೊಂಡಿದ್ದು 1946ರಲ್ಲಿ. ಹಾಗಾಗಿ ಇದನ್ನು ಉಯಿಲು ಎಂದು ಬರೆದರೆ ತಪ್ಪು.

ಈಗ ಅಲ್ಲಿ ಅವರ ಹೆಸರಿನ ಸ್ಟೇಟ್ ಪಾರ್ಕ್ ಇದೆ, 721 ಎಕರೆ. ಪಕ್ಕದ ವಿಲ್ಲೋಡೇಲ್ ಅರಣ್ಯಕ್ಕೂ ಅವರ ಜಮೀನು ಸೇರಿದೆ. ಕುದುರೆ ದಾರಿಗಳಲ್ಲಿ ಇವತ್ತಿಗೂ ಕುದುರೆ ಓಡಿಸುತ್ತಾರೆ. ಸುಮ್ನೆ ನಡೆದಾಡುವವರೂ ಬರುತ್ತಾರೆ. ನದಿಯಲ್ಲಿ ದೋಣಿ ಹುಟ್ಟು ಹಾಕುತ್ತಾರೆ, ಹಿಮ ಬಿದ್ದಾಗ ಸ್ಕೀ ಮಾಡುತ್ತಾರೆ.

ಬಂಗಲೆಯ ಕಥೆಯಲ್ಲಿ ಗುತ್ತಿಗೆ ಮತ್ತೆ ಬರುತ್ತದೆ. ಹಳೇ ಕಟ್ಟಡದ ರಿಪೇರಿಗೆ ಖರ್ಚು ಜಾಸ್ತಿ. ಅದಕ್ಕೇ ರಾಜ್ಯ ಸರ್ಕಾರ ಇಂಥ ಕಟ್ಟಡಗಳಿಗೆ ಬಹಿರಂಗವಾಗಿ ಅರ್ಜಿ ಕರೆದು, ದೀರ್ಘಾವಧಿ ಗುತ್ತಿಗೆಗೆ ಕೊಡುತ್ತದೆ. ಪಡೆದವರು ತಮ್ಮ ದುಡ್ಡಿನಲ್ಲಿ ರಿಪೇರಿ ಮಾಡಿ ನೋಡಿಕೊಳ್ಳಬೇಕು. ಹಾಗೆ ಚೇತರಿಸಿಕೊಂಡ ವಿಲ್ಲೋಡೇಲ್‌ನಲ್ಲಿ ಈಗ ಮದುವೆಗಳು ನಡೆಯುತ್ತವೆ. ಮಾಲೀಕತ್ವ ಮಾತ್ರ ರಾಜ್ಯದ್ದೇ.